ಖಾಲಿ ಕಾಡತೂಸು ತುಂಬಹೊರಟ ತಮ್ಮನಿಗೆ ಬಹಿರಂಗ ಪತ್ರ

ಪ್ರಿಯ ತಮ್ಮಾ,

ನೀನು ಹುಮನಾಬಾದಿನವನಿರಬಹುದು, ಬಸವಕಲ್ಯಾಣದವನಿರಬಹುದು. ಪೊಲೀಸರ ಫೈರಿಂಗ್ ಅಭ್ಯಾಸ ಮುಗಿದ ಮೈದಾನದಲ್ಲಿ ಆಯ್ದ ಹಿತ್ತಾಳೆಯ ಕೊಳವೆಯೊಂದು ನಿನ್ನ ಕಿಸೆಯಲ್ಲಿದೆ. ಅಮೆರಿಕದವರು ಅಂಥದ್ದನ್ನೇ ತೊಳೆದು, ತಿದ್ದಿ, ಮತ್ತೆ ಮದ್ದು ತುಂಬುವುದನ್ನು ಫೋನಿನಲ್ಲಿ ನೋಡಿದ್ದೀಯ. ನಮ್ಮಲ್ಲಿ ಯಾಕಾಗಬಾರದು ಎಂದು ಕೇಳುತ್ತೀಯ. ಬೈಯಲು ಈ ಪತ್ರ ಬರೆಯುತ್ತಿಲ್ಲ. ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟರೆ ಅದೇ ಅಪಾಯ, ಅದಕ್ಕೆ ಪೂರ್ತಿ ಹೇಳುತ್ತೇನೆ.

ಗುಂಡು ಹಾರಿಹೋಗುತ್ತದೆ, ಮದ್ದು ಉರಿದುಹೋಗುತ್ತದೆ. ಉಳಿಯುವುದು ಈ ಕೊಳವೆ. ಇದರಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು. ಕುದುರೆ ಎಳೆದ ಕ್ಷಣ ಅದು ಹಿಗ್ಗಿ ಬಂದೂಕಿನ ಗೂಡಿಗೆ ಅಂಟಿಕೊಂಡು ಬಿಸಿ ಅನಿಲವನ್ನು ಹಿಂದಕ್ಕೆ ಬಿಡದೆ ತಡೆಯುತ್ತದೆ. ಒತ್ತಡ ಇಳಿದೊಡನೆ ತುಸು ಕುಗ್ಗಿ ಹೊರಬರುತ್ತದೆ. ಈ ಗುಣದಿಂದಲೇ ಅದನ್ನು ಮತ್ತೆ ಬಳಸಲು ಬರುತ್ತದೆ. ಆದರೆ ಹಿಗ್ಗಿಸಿ ಕುಗ್ಗಿಸಿದಷ್ಟೂ ಹಿತ್ತಾಳೆ ಬಿರುಸಾಗುತ್ತದೆ, ಕುತ್ತಿಗೆ ಸೀಳುತ್ತದೆ. ಬಲ್ಲವರು ಕುತ್ತಿಗೆಯನ್ನಷ್ಟೇ ಕಾಸಿ ಮೆದು ಮಾಡುತ್ತಾರೆ. ಬುಡಕ್ಕೆ ಶಾಖ ತಗುಲಿತೋ, ಒತ್ತಡ ತಾಳಬೇಕಾದ ಭಾಗವೇ ಸಡಿಲ.

ಸೈನ್ಯದ ಕಾಡತೂಸನ್ನು ಮತ್ತೆ ತುಂಬುವುದು ಇನ್ನೂ ಕಠಿಣ. ಅದನ್ನು ಒಂದೇ ಸಲಕ್ಕೆಂದು ಮಾಡಿರುತ್ತಾರೆ. ಬುಡದಲ್ಲಿ ಕೆ.ಎಫ್. ಎಂಬ ಅಚ್ಚಿದ್ದರೆ ಅದು 1869ರಲ್ಲಿ ಶುರುವಾದ, ಪುಣೆಯ ಪಕ್ಕದ ಖಡ್ಕಿ ಕಾರ್ಖಾನೆಯ ಮಾಲು. ಮಷಿನ್ ಗನ್ನಿನ ರಭಸಕ್ಕೆ, ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಕ್ಯಾಪು ಉದುರಬಾರದೆಂದು ಸುತ್ತ ಲೋಹವನ್ನು ಒತ್ತಿರುತ್ತಾರೆ. ಹಳೆಯ ಕ್ಯಾಪು ತೆಗೆದ ಮೇಲೆ ಆ ಅಂಚನ್ನು ಸವರದಿದ್ದರೆ ಹೊಸದು ಕೂರದು. ಎಷ್ಟೋ .303 ಕೊಳವೆಗಳ ಬುಡದಲ್ಲಿ ಒಂದರ ಬದಲು ಎರಡು ಸಣ್ಣ ರಂಧ್ರ. ಹಳೆಯ ಕ್ಯಾಪು ತಳ್ಳಿ ತೆಗೆಯುವ ಸಾಮಾನ್ಯ ಸೂಜಿ ಅಲ್ಲಿ ಮುರಿಯುತ್ತದೆ. ಸೈನ್ಯದ ಕೊಳವೆಯ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗೆ ಜಾಗ ಕಡಿಮೆ, ಹಾಗಾಗಿ ಅಷ್ಟೇ ಮದ್ದಿಗೂ ಒತ್ತಡ ಏರುತ್ತದೆ. ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರದಂಥ ಗೆರೆ ಕಂಡರೆ, ಮುಂದಿನ ಸಲ ಅಲ್ಲೇ ಹರಿಯುತ್ತದೆ. ಆಗ ಬೆಂಕಿ ಬರುವುದು ಹಾರಿಸುವವನ ಮುಖಕ್ಕೆ.

ಕಣ್ಣಿಗೆ ಕಾಣದ ಬಿರುಕಿನ ಕಥೆ ನಮ್ಮ ದೇಶದ್ದೇ ಇದೆ. ಬ್ರಿಟಿಷರ ಕಾಲದಲ್ಲಿ ಮಳೆಗಾಲಕ್ಕೆ ಕಾಡತೂಸುಗಳನ್ನು ಕುದುರೆ ಲಾಯಗಳಲ್ಲಿ ಕೂಡಿಡುತ್ತಿದ್ದರು. ಮಳೆ ನಿಂತ ಮೇಲೆ ನೋಡಿದರೆ, ಒಂದೂ ಹಾರಿಸದೆ ಹಿತ್ತಾಳೆ ಬಿರಿದಿರುತ್ತಿತ್ತು. ಮಳೆಗಾಲದಲ್ಲೇ ಹೀಗಾಗುವುದರಿಂದ ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರೇ ಬಂತು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಕಾರಣ ವಿವರಿಸಿದರು. ಹಿತ್ತಾಳೆಯನ್ನು ಎಳೆದು ಕೊಳವೆ ಮಾಡುವಾಗ ಬಿಗುಪು ಒಳಗೇ ಉಳಿದಿರುತ್ತದೆ. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ತೇವದ ಜೊತೆ ಸೇರಿ, ಆ ಬಿಗುಪಿನ ಜಾಗವನ್ನೇ ಹಿಡಿದು ಸೀಳುತ್ತದೆ. ಹದವಾಗಿ ಕಾಸಿ ಬಿಗುಪು ಇಳಿಸುವುದೇ ಪರಿಹಾರ. ಶತ್ರುವಿಗಾಗಿ ಇಟ್ಟ ಕಾಡತೂಸನ್ನು ತಮ್ಮದೇ ಕುದುರೆ ಕೆಡಿಸಿತು. ಅಮೋನಿಯಾ ಇರುವ ಪಾಲಿಶಿನಿಂದ ಕೊಳವೆ ಬೆಳಗಿಸುವವರು ಇದನ್ನು ಮರೆಯಬಾರದು. ಫಳಫಳ ಹೊಳೆದ ಮಾತ್ರಕ್ಕೆ ಗಟ್ಟಿಯೆಂದಲ್ಲ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡಿನ ಬಿಡಿಭಾಗವೂ ಮದ್ದುಗುಂಡೇ. ಆದರೆ ಜೊತೆಯ ಭಾಗಗಳೊಡನೆ ಸೇರಿಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಬಿಡಿಭಾಗಕ್ಕೆ 45ನೇ ಕಲಮು ವಿನಾಯಿತಿ ಕೊಡುತ್ತದೆ. ತುಂಬುವ ಉದ್ದೇಶದಿಂದ ನೀನು ತೊಳೆದು ತಿದ್ದತೊಡಗಿದರೆ ಆ ವಿನಾಯಿತಿಯ ಬುಡವೇ ಅಲುಗುತ್ತದೆ. ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಮೇಲಾಗಿ .303, 7.62 ಸಾಮಾನ್ಯ ನಾಗರಿಕರಿಗೆ ನಿಷಿದ್ಧ ಬೋರು. ನೀನು ತುಂಬಿದ್ದನ್ನು ಹಾಕಲು ನ್ಯಾಯವಾದ ಬಂದೂಕೇ ನಿನ್ನ ಹತ್ತಿರ ಇರುವುದಿಲ್ಲ.

ಈ ಬಿಗಿ ನನಗೆ ಸರಿಯೆನಿಸುತ್ತದೆ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರಟಾದಲ್ಲಿ ರಜಾಕಾರರೆಂಬ ಖಾಸಗಿ ಪಡೆಯವರು ನಡೆಸಿದ ಕೊಲೆಗಳನ್ನು ನಮ್ಮ ಹಿರಿಯರು ಮರೆತಿಲ್ಲ. ಯಾರಿಗೂ ಲೆಕ್ಕ ಒಪ್ಪಿಸದ ಖಾಸಗಿ ಪಡೆಯ ಕೈಗೆ ಆಯುಧ ಸಿಕ್ಕರೆ ಹಳ್ಳಿಯ ಗತಿ ಏನಾಗುತ್ತದೆಂದು ಈ ನೆಲಕ್ಕೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ.

ಗುರಿ ಹಿಡಿಯುವ ಆಸೆಯಿದ್ದರೆ ಎನ್‌ಸಿಸಿ ಸೇರು. ಅಲ್ಲಿ .22 ರೈಫಲಿನಲ್ಲಿ ಹಾರಿಸಲು ಕಲಿಸುತ್ತಾರೆ. ಅದರ ಕಾಡತೂಸಿನ ಸಿಡಿಮದ್ದು ಬುಡದ ಅಂಚಿನೊಳಗೇ ಇರುತ್ತದೆ, ಬಂದೂಕಿನ ಸೂಜಿ ಹೊಡೆದ ಅಂಚು ಜಜ್ಜಿಹೋಗುತ್ತದೆ. ಮತ್ತೆ ತುಂಬುವ ಮಾತೇ ಬರುವುದಿಲ್ಲ. ಲೋಹದ ಮೇಲೆ ಆಸೆಯಿದ್ದರೆ ಇನ್ನೂ ಒಳ್ಳೆಯದು. ಬೀದರಿನಲ್ಲಿ ಸತು ತಾಮ್ರಗಳನ್ನೇ ಬೇರೆ ಪ್ರಮಾಣದಲ್ಲಿ ಬೆರೆಸಿ, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಮಾಡುವ ಬಿದರಿ ಕುಶಲಕರ್ಮಿಗಳಿದ್ದಾರೆ. ಲೋಹದ ಹದ ಅವರಿಂದ ಕಲಿ. ಅದಕ್ಕೆ ಯಾವ ಲೈಸೆನ್ಸೂ ಬೇಡ.

ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡಿದ್ದ ಶರಣ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಎಲ್ಲಿಂದ ತಂದನೋ ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ನಿನ್ನ ಕಿಸೆಯ ಕೊಳವೆಯೂ ಹಾಗೇ ಬಂದಲ್ಲಿಗೆ ಮರಳಬೇಕು. ಫೈರಿಂಗಿಗೆ ಕೊಟ್ಟ ಗುಂಡು ಎಷ್ಟೋ, ಅಷ್ಟು ಖಾಲಿಯನ್ನು ಎಣಿಸಿ ವಾಪಸು ಪಡೆಯುವುದು ಪೊಲೀಸರ ಪದ್ಧತಿ. ನಿನ್ನ ಕಿಸೆಯಲ್ಲಿರುವ ಒಂದು ಯಾವುದೋ ಪೇದೆಯ ಲೆಕ್ಕದಲ್ಲಿ ಕಡಿಮೆ ಬಿದ್ದಿರುತ್ತದೆ, ಅದಕ್ಕೆ ಅವನು ಉತ್ತರ ಕೊಡಬೇಕಾಗುತ್ತದೆ. ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಠಾಣೆಗೆ ಹೋಗು. ಎಲ್ಲಿ ಸಿಕ್ಕಿತೆಂದು ಇದ್ದದ್ದು ಇದ್ದಂತೆ ಹೇಳಿ ಕೊಟ್ಟು ಬಾ.

ಇಂತಿ,
ನಿನ್ನ ಸೀಮೆಯ ಒಬ್ಬ ಅಣ್ಣ