ಹಾಲು ಅಂದರೆ ತಪ್ಪು

ತಮಿಳುನಾಡಿನ ಕಂಬಂ ಕಣಿವೆಯ ಯಾವುದೋ ಒಂದು ಶಾಲೆ, ಮೂರನೇ ಕ್ಲಾಸು ಎಂದುಕೊಳ್ಳಿ. ಸ್ಮಾರ್ಟ್ ಬೋರ್ಡನ್ನು ಬೀರುವಿನಲ್ಲಿಟ್ಟು ದಿಂಡಿಗಲ್ ಬೀಗ ಜಡಿದಿದ್ದಾರೆ. 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮುದ್ರೆ ಪಡೆದ ಬೀಗ ಅದು, ಸುಮ್ಮನೆ ತೆರೆದುಕೊಳ್ಳುವ ಪೈಕಿಯದಲ್ಲ. ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿ, ಹೆಡ್‌ಮಾಸ್ಟರು ತೇನಿಯ ಮೀಟಿಂಗಿನಲ್ಲಿ. ಅವರು ಬರುವಷ್ಟರಲ್ಲಿ ಟೀಚರಮ್ಮ ಅರ್ಧ ಪಾಠವನ್ನು ಸೀಮೆಸುಣ್ಣದಲ್ಲೇ ಮುಗಿಸಿರುತ್ತಾರೆ.

ಅಂತೂ ಬೋರ್ಡು ಬೆಳಗಿತು. ಒಂದು ಲೋಟದ ಚಿತ್ರ, ಲೋಟದ ತುಂಬ ಬಿಳಿ. ಕೆಳಗೊಂದು ಖಾಲಿ ಜಾಗ. ಮಕ್ಕಳು ಕೂಗಿದ್ದನ್ನು ಟೀಚರಮ್ಮ ಟೈಪ್ ಮಾಡಬೇಕು. ಮೊದಲು ಕೂಗಿದ್ದು ಮೂರನೇ ಬೆಂಚಿನ ಹುಡುಗಿ: 'ಹಾಲು!' ಟೀಚರಮ್ಮನೂ ಕನ್ನಡದ ಮನೆಯವರೇ. ಹುಡುಕಿ ತಡಕಿ ಹಾಗೇ ಟೈಪ್ ಮಾಡಿಬಿಟ್ಟರು. ಬೋರ್ಡು 'ಟೊಂಯ್' ಎಂದು ಕೆಂಪು ಇಂಟು ಹಾಕಿತು. ಅದಕ್ಕೆ ಬೇಕಿದ್ದುದು ತಮಿಳಿನ 'ಪಾಲ್'.

ತೇನಿ, ಕಂಬಂ ಕಡೆಯ ಕಪ್ಪಿಲಿಯರು, ಅಂದರೆ ಒಕ್ಕಲಿಗ ಗೌಂಡರು, ದಿಂಡಿಗಲ್ ಕಡೆಯ ಅನುಪ್ಪರು ಮನೆಯಲ್ಲಿ ಕನ್ನಡ ಆಡಿಕೊಂಡು ತಲೆಮಾರುಗಳೇ ಕಳೆದಿವೆ. ಓದು ಬರಹವೆಲ್ಲ ತಮಿಳಿನಲ್ಲಿ. ಇಂಥ ಮನೆಯ ಮಗುವಿಗೆ ತರಗತಿಯಲ್ಲಿ ತಲೆನೋವಾಗುವುದು ಒಂದೇ ಒಂದು ಅಕ್ಷರ. ನಮ್ಮ ಹೂ ಅಲ್ಲಿ ಪೂ, ನಮ್ಮ ಹಲ್ಲು ಅಲ್ಲಿ ಪಲ್, ಹುಲಿ ಪುಲಿ. ಹಳ್ಳಿ ಎಂದರೆ ನಮಗೆ ಊರು, ಪಳ್ಳಿ ಎಂದರೆ ಅವರಿಗೆ ಇಸ್ಕೂಲು!

ತಮಾಷೆಯೆಂದರೆ, ಬೋರ್ಡಿಗೆ ಬೇಕಿದ್ದದ್ದು ನಮ್ಮದೇ ಹಳಗನ್ನಡ. ಪಾಲ್, ಪೂ, ಪುಲಿ ಎಂದೇ ನಾವೂ ಒಂದು ಕಾಲಕ್ಕೆ ಅನ್ನುತ್ತಿದ್ದೆವು. ಆಮೇಲೆ ಯಾವಾಗಲೋ ಪಕಾರ ಸವೆದು ಹಕಾರವಾಯಿತು. 941ರಲ್ಲಿ ವಿಕ್ರಮಾರ್ಜುನ ವಿಜಯ ಮುಗಿಸಿದ ಪಂಪನನ್ನು ಅದೇ ಬೆಂಚಿನಲ್ಲಿ ಕೂರಿಸಿದ್ದರೆ ಹತ್ತಕ್ಕೆ ಹತ್ತು ತೆಗೆಯುತ್ತಿದ್ದ. ಈ ಹುಡುಗಿ ಸಾವಿರ ವರ್ಷ ತಡವಾಗಿ ಹುಟ್ಟಿ ಮಾರ್ಕು ಕಳೆದುಕೊಂಡಳು.

ಮುಟ್ಟಿ ಉತ್ತರ ಹೇಳುವ ಪರೀಕ್ಷೆ ಈ ಕಣಿವೆಗೆ ಹೊಸದೇನಲ್ಲ. ಕಂಬಂನ ನಂದಗೋಪಾಲಸ್ವಾಮಿಗೆ ಬಿಟ್ಟ ದನಗಳ ಹಿಂಡೊಂದಿದೆ. ತಮಿಳಿನಲ್ಲಿ ಅವು 'ತಂಬಿರಾನ್ ಮಾಡು'. ಕಪ್ಪಿಲಿಯರ ಬಾಯಲ್ಲಿ 'ದೇವರ ಆವು' ಎಂದು ಬ್ರಿಟಿಷರ ಕಾಲದ ಮಧುರೆ ಗೆಜೆಟಿಯರಿನಲ್ಲಿ ದಾಖಲಾಗಿದೆ. ಹಿಂಡಿಗೊಂದು ಪಟ್ಟದ ಹೋರಿ. ಅದು ಸತ್ತರೆ ಹಿಂಡನ್ನೆಲ್ಲ ಕೂಡಿಸಿ ಮುಂದೆ ಕಬ್ಬು ಇಡುತ್ತಿದ್ದರಂತೆ. ಯಾವ ಹೋರಿ ಮೊದಲು ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಟಚ್ ಸ್ಕ್ರೀನು ಬರುವುದಕ್ಕೆ ಎಷ್ಟೋ ಮುಂಚಿನ ಪದ್ಧತಿ. ಅಲ್ಲಿ 'ಟೊಂಯ್' ಅನ್ನುವವರು ಯಾರೂ ಇರಲಿಲ್ಲ ಅನ್ನುವುದಷ್ಟೇ ವ್ಯತ್ಯಾಸ.

ತಂತ್ರಾಂಶವನ್ನು ಬೈದು ಪ್ರಯೋಜನವಿಲ್ಲ, ಕ್ಷಮಾಗುಣ ಅದಕ್ಕೂ ಉಂಟು. ತಮಿಳುನಾಡಿನ ಪಠ್ಯಪುಸ್ತಕಗಳಿಗೆ 2018ರಲ್ಲಿ ಕ್ಯೂಆರ್ ಕೋಡು ಬಂತು. ಫೋನು ಹಿಡಿದರೆ ವಿಡಿಯೊ ತೆರೆದುಕೊಳ್ಳುತ್ತದೆ. ಹುಡುಗರ ಕೈಗೆ ಚೌಕವೊಂದು ಸಿಕ್ಕರೆ ಅದಕ್ಕೆ ಮೀಸೆ ಬರದೆ ಇರುತ್ತದೆಯೇ? ಆದರೂ ಅದು ಓದಿಸಿಕೊಳ್ಳುತ್ತದೆ. ಒಂದಷ್ಟು ಭಾಗ ಕೆಟ್ಟರೂ ಉಳಿದದ್ದರಿಂದ ಅರ್ಥ ಹಿಡಿಯುವ ಲೆಕ್ಕ ಅದರೊಳಗೇ ಇದೆ. ಮೀಸೆಗೆ ಮಾಫಿ, ಹಾಲಿಗೆ ಮಾತ್ರ ಇಲ್ಲ!

ಟೀಚರಮ್ಮ ಪಾಠ ಕಟ್ಟಿದ್ದ ತಂತ್ರಾಂಶದ ಹೆಸರು ಹಾಟ್ ಪೊಟೇಟೋಸ್, ಅಂದರೆ ಬಿಸಿ ಆಲೂಗಡ್ಡೆ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದವರು 1990ರ ದಶಕದ ಕೊನೆಯಲ್ಲಿ ಮಾಡಿದ್ದು. ಕೊಡೈಕೆನಾಲ್ ಬೆಟ್ಟದಿಂದ ಇಳಿದು ಬರುವ ಆಲೂಗಡ್ಡೆಗೆ ಇಷ್ಟು ಉಪಯೋಗವಿಲ್ಲ: ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆಯಿರಿ, ಪದಬಂಧ ಬಿಡಿಸಿ ಎಲ್ಲವನ್ನೂ ಮೇಷ್ಟರೇ ಕಟ್ಟಿಕೊಳ್ಳಬಹುದು, ಪ್ರೋಗ್ರಾಮಿಂಗ್ ಕಲಿಯಬೇಕಾಗಿಲ್ಲ. ಅದರಲ್ಲೊಂದು ಸಣ್ಣ ಔದಾರ್ಯವೂ ಇದೆ. ಒಂದು ಖಾಲಿ ಜಾಗಕ್ಕೆ ಒಂದಕ್ಕಿಂತ ಹೆಚ್ಚು ಸರಿಯುತ್ತರ ಬರೆದಿಡಬಹುದು. ಟೀಚರಮ್ಮ ಆ ಹೆಚ್ಚಿನ ಉತ್ತರಗಳ ಪೆಟ್ಟಿಗೆಗಳನ್ನು ಇಷ್ಟು ದಿನ ಖಾಲಿ ಬಿಟ್ಟಿದ್ದರು. ಒಂದು ಪ್ರಶ್ನೆಗೆ ಒಂದೇ ಉತ್ತರ ಎಂದು ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದರಲ್ಲ!

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವರು ಪೆಟ್ಟಿಗೆ ತೆರೆದು 'ಹಾಲು' ಸೇರಿಸಲು ಕೂತರು. ತಮಿಳಿನ ಮೂಲ ಅಕ್ಷರಮಾಲೆಯಲ್ಲಿ ಹಕಾರವಿಲ್ಲ, ಗ್ರಂಥಾಕ್ಷರ ಎರವಲು ತರಬೇಕು. ಶಿಫ್ಟ್ ಒತ್ತಿ ಹಿಡಿದು 'ಹ'ಕ್ಕಾಗಿ ಕೀಲಿಮಣೆಯೆಲ್ಲ ಮತ್ತೆ ತಡಕಿದರು. ಒಂದೆರಡು ಜಕಾರ, ಷಕಾರ ಬಂದು ಹೋದ ಮೇಲೆ ಸಿಕ್ಕಿತು.

ಊಟ ಮುಗಿಸಿ ಬಂದ ಮಕ್ಕಳು ಮತ್ತೆ ಕೂತರು. ಹಾಲು ಹಸಿರಾಯಿತು. ಮುಂದಿನ ಚಿತ್ರದಲ್ಲಿ ಹಾಲು ಕೊಟ್ಟ ಪ್ರಾಣಿಯೇ ನಿಂತಿತ್ತು. ಉತ್ತರ 'ಪಸು'. ಮೂರನೇ ಬೆಂಚು 'ಹಸು' ಎಂದಿತು. ಟೀಚರಮ್ಮ ಶಿಫ್ಟಿನ ಮೇಲೆ ಬೆರಳಿಟ್ಟೇ ಕಾದಿದ್ದರು. ಅಷ್ಟರಲ್ಲಿ ಕೊನೆಯ ಬೆಂಚಿನಿಂದ, ನಂದಗೋಪಾಲಸ್ವಾಮಿ ಗುಡಿಯ ಬೀದಿಯ ಹುಡುಗ, 'ಆವು' ಅಂದ.

ಅದಕ್ಕೆ ಶಿಫ್ಟ್ ಬೇಕಿರಲಿಲ್ಲ.