ಹಗಲುಸೊಳ್ಳೆ ಮೀಮಾಂಸೆ

ಸೊಳ್ಳೆಯೆಂಬ ಪದಾರ್ಥವು ದ್ವಿವಿಧ: ಮಲಗಿದಾಗ ಕಿವಿಯ ಬಳಿ ಹಾಡುವುದು ಒಂದು, ಬೆಳಿಗ್ಗೆ ಪೇಪರ್ ಓದುವಾಗ ಸದ್ದಿಲ್ಲದೆ ಕಣಕಾಲಿಗೆ ಕಚ್ಚುವುದು ಇನ್ನೊಂದು. ಪ್ರಸ್ತುತ ಪ್ರಬಂಧದ ವಿಷಯ ಎರಡನೆಯದು. ಮೊದಲನೆಯದರ ಸಂಗೀತವನ್ನು ಅನ್ಯ ವಿದ್ವಾಂಸರು ರಾತ್ರಿಯಿಡೀ ಎದ್ದು ಕೂತು ಅಧ್ಯಯನ ಮಾಡಿದ್ದಾರೆ.

ಲಕ್ಷಣವೆಂತು? ಮೈ ಕಪ್ಪು, ಕಾಲಿಗೆ ಬಿಳಿ ಪಟ್ಟೆ. ಬೆನ್ನ ಮೇಲೆ ಲೈರ್ ಎಂಬ ಗ್ರೀಕ್ ತಂತಿವಾದ್ಯದ ಆಕಾರದ ಗೆರೆಗಳಿದ್ದರೆ ಈಡಿಸ್ ಈಜಿಪ್ಟೈ; ನಟ್ಟನಡುವೆ ಒಂದೇ ನಾಮವಿದ್ದರೆ ಈಡಿಸ್ ಆಲ್ಬೊಪಿಕ್ಟಸ್. ಮತಭೇದವೇನಿದ್ದರೂ ಡೆಂಗಿ ಹರಡುವುದರಲ್ಲಿ ಇಬ್ಬರದೂ ಒಮ್ಮತ. ಗೆರೆ ನೋಡಬೇಕಾದರೆ ಸೊಳ್ಳೆ ಅಲುಗಾಡದೆ ಕೂರಬೇಕು, ಆ ಸಹಕಾರವನ್ನು ಅದು ರಕ್ತ ಹೀರುವಾಗಷ್ಟೇ ನೀಡುತ್ತದೆ. ಹೀಗಾಗಿ ಪ್ರತ್ಯಕ್ಷ ಪ್ರಮಾಣಕ್ಕೆ ಸಂಶೋಧಕರ ಕಾಲೇ ಬಂಡವಾಳ.

ಪೂರ್ವಪಕ್ಷ: ಸೊಳ್ಳೆ ಬರುವುದು ಚರಂಡಿಯಿಂದ, ಅದೂ ಎದುರುಮನೆಯವರ ಚರಂಡಿಯಿಂದ, ಸಂಜೆ ಕಿಟಕಿ ಮುಚ್ಚಿ ಸಾಂಬ್ರಾಣಿ ಹಾಕಿದರೆ ಆಯಿತು. ಖಂಡನೆ: ಇದು ಹೆಚ್ಚಾಗಿ ಕಚ್ಚುವುದು ಸೂರ್ಯ ಹುಟ್ಟಿದ ಒಂದೆರಡು ಗಂಟೆಯಲ್ಲಿ, ಮತ್ತೆ ಮುಳುಗುವ ಮುನ್ನ. ನಾವು ಕಿಟಕಿ ಮುಚ್ಚುವಷ್ಟರಲ್ಲಿ ಅದು ಗೂಟಕ್ಕೆ ನೇತುಹಾಕಿದ ಪ್ಯಾಂಟಿನ ಮಡಿಕೆ ಸೇರಿರುತ್ತದೆ. ಮೇಲಾಗಿ ಚರಂಡಿ ಇದಕ್ಕೆ ಅಷ್ಟಕ್ಕಷ್ಟೆ. ಇದರ ತವರು ತಿಳಿನೀರು.

ಬೆಂಗಳೂರಿನ ಒಂದು ಮನೆಗೆ ಲಾರ್ವಾ ಸಮೀಕ್ಷೆಗೆಂದು ಆಶಾ ಕಾರ್ಯಕರ್ತೆ ಬಂದರು. "ನಮ್ಮನೇಲಿ ನೀರು ನಿಲ್ಲೋದೇ ಇಲ್ಲ ಕಣಮ್ಮ" ಎಂದರು ಯಜಮಾನರು. ಆಕೆ ಹಿತ್ತಿಲಿಗೆ ಹೋಗಿ, ಮಿಕ್ಸಿ ಬಂದಮೇಲೆ ನಿವೃತ್ತವಾದ ಒರಳುಕಲ್ಲಿಗೆ ಟಾರ್ಚ್ ಬಿಟ್ಟರು. ಗುಂಡಿಯಲ್ಲಿ ಒಂದು ಚೊಂಬಿನಷ್ಟು ನೀರು. ತಲೆಕೆಳಗಾಗಿ ನೇತಾಡುತ್ತ ಬಾಲದ ಕೊಳವೆಯಿಂದ ಉಸಿರಾಡುತ್ತಿದ್ದ ಹುಳುಗಳು ಬೆಳಕು ಬಿದ್ದೊಡನೆ ಕೊಂಕಿ ಕೊಂಕಿ ತಳಕ್ಕಿಳಿದವು.

"ಇದೇನು ಸಾರ್?"

"ಅದು ಮಳೆನೀರು. ನಮ್ದಲ್ಲ."

ನಮ್ಮದಲ್ಲದ ಇಂಥ ನೀರಿಗೆ 2024ರ ರಾಜ್ಯ ನಿಯಮದಂತೆ ನಗರದ ಮನೆಯವರು 400 ರೂಪಾಯಿ ದಂಡ ತೆರಬೇಕು, ಹಳ್ಳಿಯವರು 200.

ವಾದಕ್ಕೆ ಇತಿಹಾಸದ ಬೆಂಬಲವೂ ಉಂಟು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ವೈದ್ಯ ರೊನಾಲ್ಡ್ ರಾಸ್ ಬಂಗಲೆಯ ಕಿಟಕಿ ಪಕ್ಕದ ತೊಟ್ಟಿಯಲ್ಲಿ ಮರಿಗಳನ್ನು ಕಂಡು ಅದನ್ನು ಬೋರಲು ಹಾಕಿಸಿದ, ಸೊಳ್ಳೆ ಕಡಿಮೆಯಾಯಿತು. ಮಿಕ್ಕ ತೊಟ್ಟಿಗಳಿಗೂ ಇದನ್ನೇ ಮಾಡೋಣವೆಂದಾಗ ಸೇನಾಧಿಕಾರಿಯೊಬ್ಬ ಒಪ್ಪಲಿಲ್ಲ: ಸೊಳ್ಳೆಯನ್ನು ದೇವರು ಏನೋ ಉದ್ದೇಶದಿಂದಲೇ ಸೃಷ್ಟಿಸಿರುತ್ತಾನೆ, ಸಹಿಸುವುದು ನಮ್ಮ ಕರ್ತವ್ಯ. ರಾಸ್‌ಗೆ ಮಲೇರಿಯಾ ಸಂಶೋಧನೆಗಾಗಿ 1902ರಲ್ಲಿ ನೊಬೆಲ್ ಬಂತು. ಅಧಿಕಾರಿಯ ಶಿಷ್ಯಪರಂಪರೆ ಮಾತ್ರ ಊರಿನಲ್ಲಿ ಅವಿಚ್ಛಿನ್ನವಾಗಿ ಮುಂದುವರಿದಿದೆ.

ಸಿದ್ಧಾಂತ: ನೀರು ಚೆಲ್ಲಿದರಷ್ಟೇ ಸಾಲದು, ತಿಕ್ಕಬೇಕು. ಮೊಟ್ಟೆ ನೀರಿನ ಅಂಚಿಗಿಂತ ತುಸು ಮೇಲೆ, ಪಾತ್ರೆಯ ಗೋಡೆಗೆ ಅಂಟಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಕಾದು, ನೀರು ಮುಟ್ಟಿದಾಗ ಒಡೆಯುತ್ತದೆ. ಬೆಚ್ಚಗಿನ ದಿನಗಳಲ್ಲಿ ಅಲ್ಲಿಂದ ರೆಕ್ಕೆ ಬರಲು ಏಳೆಂಟು ದಿನ ಸಾಕು. ಆದಕಾರಣ ಫ್ರಿಜ್ಜಿನ ಹಿಂದಿನ ತಟ್ಟೆ, ಬಿಸಾಕಿದ ಎಳನೀರ ಬುರುಡೆ, ಹಳೇ ಟೈರು, ಮುಚ್ಚಳ ಸರಿಯಾಗಿ ಕೂರದ ಸಂಪು ಇವನ್ನು ವಾರಕ್ಕೊಮ್ಮೆ ವಿಚಾರಿಸತಕ್ಕದ್ದು.

ಯಜಮಾನರಿಗೆ ಸಿದ್ಧಾಂತ ಒಪ್ಪಿಗೆಯಾಗಿದೆ. ಒರಳನ್ನು ಬೋರಲು ಹಾಕಲು ನಾಲ್ಕಾಳು ಬೇಕಾದ್ದರಿಂದ ಗುಂಡಿಗೆ ಮಣ್ಣು ತುಂಬಿಸಿದ್ದಾರೆ, ದೊಡ್ಡಪತ್ರೆ ನೆಡುವ ಯೋಚನೆಯಿದೆ. ಕಡ್ಡಿ ಬೇರು ಬಿಡಲೆಂದು ಅಡುಗೆಮನೆಯ ಕಿಟಕಿಯಲ್ಲಿ ಒಂದು ಬಾಟಲಿ ನೀರಿನಲ್ಲಿ ಇಟ್ಟಿದ್ದಾರೆ. ಇವತ್ತಿಗೆ ಒಂಬತ್ತನೇ ದಿನ.