ಮುಂಬಾಗಿಲಿಗೆ ಕಾವಲು, ಹಿತ್ತಿಲಿಗೆ ಸ್ವಾಗತ

ಪ್ಯಾರಿಸ್ಸಿನಲ್ಲಿ 40 ಆಸನಗಳ ಒಂದು ಸಭೆಯಿದೆ. 1635ರಲ್ಲಿ ಫ್ರಾನ್ಸಿನ ಮಂತ್ರಿ ರಿಷಲ್ಯೂ ಸ್ಥಾಪಿಸಿದ ಅಕಾದೆಮಿ ಫ್ರಾನ್ಸೇಜ್. ಅದರ ಸದಸ್ಯರನ್ನು 'ಅಮರರು' ಎನ್ನುತ್ತಾರೆ. ಹಸಿರು ಕಸೂತಿಯ ಕೋಟು, ಸೊಂಟಕ್ಕೆ ಕತ್ತಿ. ಕೆಲಸ, ಫ್ರೆಂಚ್ ಭಾಷೆಯನ್ನು ಕಾಯುವುದು. ಇವರ ನಿಘಂಟಿನ ಎಂಟನೇ ಆವೃತ್ತಿ 1935ರಲ್ಲಿ ಮುಗಿಯಿತು. ಒಂಬತ್ತನೆಯದು ಮುಗಿದದ್ದು 2024ರಲ್ಲಿ. ಅಮರರಿಗೆ ಎಂಥ ಅವಸರ?

ಕತ್ತಿ ಸಾಲದೆಂದು 1994ರಲ್ಲಿ ಕಾನೂನೂ ಬಂತು. ಜಾಹೀರಾತಿನಲ್ಲಿ, ಕಚೇರಿಯಲ್ಲಿ, ಸರಕಿನ ಡಬ್ಬಿಯ ಮೇಲೆ ಫ್ರೆಂಚ್ ಕಡ್ಡಾಯ. ತಂದವರು ಸಂಸ್ಕೃತಿ ಸಚಿವ ಜಾಕ್ ತೂಬೊಂ. ಆ ಹೆಸರನ್ನು ಒಡೆದರೆ 'ಎಲ್ಲ ಒಳ್ಳೆಯದು' ಎಂದಾಗುತ್ತದೆ. ಜನ ತಡಮಾಡಲಿಲ್ಲ. ಇಂಗ್ಲಿಷ್ ವಿರೋಧಿ ಸಚಿವರಿಗೆ 'ಮಿಸ್ಟರ್ ಆಲ್‌ಗುಡ್' ಎಂದು ಇಂಗ್ಲಿಷಿನಲ್ಲೇ ನಾಮಕರಣ ಮಾಡಿದರು.

ಕಾನೂನು ಏನು ಸಾಧಿಸಿತು? ಮೆಟ್ರೊ ನಿಲ್ದಾಣದ ಜಾಹೀರಾತು ನೋಡಿ. ಆಳೆತ್ತರದ ಅಕ್ಷರಗಳಲ್ಲಿ ಇಂಗ್ಲಿಷ್ ಘೋಷಣೆ. ಪಕ್ಕದಲ್ಲೊಂದು ನಕ್ಷತ್ರ ಚಿಹ್ನೆ. ಆ ನಕ್ಷತ್ರದ ಜಾಡು ಹಿಡಿದು ಬಗ್ಗಿದರೆ, ಮೂಲೆಯಲ್ಲಿ ಇರುವೆ ಸಾಲಿನಂತೆ ಫ್ರೆಂಚ್ ಅನುವಾದ. ಕಡ್ಡಾಯ ಮುಗಿಯಿತು. ಭಾಷೆ ಉಳಿಯಿತು.

ಸರ್ಕಾರವಾದರೂ ಮಾದರಿಯೇ? 2017ರಲ್ಲಿ ಒಲಿಂಪಿಕ್ಸ್ ತನಗೆ ಕೊಡಿ ಎಂದು ಪ್ಯಾರಿಸ್ ಕೇಳಿದ್ದು 'ಮೇಡ್ ಫಾರ್ ಶೇರಿಂಗ್' ಎಂದು. ಆ ಘೋಷಣೆ ಐಫೆಲ್ ಗೋಪುರದ ಮೇಲೇ ಬೆಳಗಿತು. ಮರುವರ್ಷ ಫ್ರಾನ್ಸಿನ ಅಧ್ಯಕ್ಷರು ವಿದೇಶಿ ಬಂಡವಾಳಗಾರರನ್ನು ವರ್ಸೈಲ್ಸ್ ಅರಮನೆಗೆ ಕರೆದು ಔತಣವಿಟ್ಟರು. ಹದಿನಾಲ್ಕನೇ ಲೂಯಿಯ ಮನೆ. ಸಮಾವೇಶದ ಹೆಸರು 'ಚೂಸ್ ಫ್ರಾನ್ಸ್'. ಅಂಗಡಿಯವನು ಬರೀ ಇಂಗ್ಲಿಷ್ ಬರೆದರೆ ಅಪರಾಧ. ಅಧ್ಯಕ್ಷರು ಬರೆದರೆ ಆರ್ಥಿಕ ನೀತಿ.

ಇಷ್ಟಾದರೂ ಇವೆಲ್ಲ ಮುಂಬಾಗಿಲಿನ ಜಗಳ. ಕಾವಲುಗಾರ ಹಿಡಿಯುವುದು ಇಂಗ್ಲಿಷ್ ವೇಷದಲ್ಲೇ ಬಂದ ಪದವನ್ನು. ಫ್ರೆಂಚ್ ವೇಷ ತೊಟ್ಟು ಬಂದ ಇಂಗ್ಲಿಷ್ ನುಡಿಗಟ್ಟಿಗೆ ಹಿತ್ತಿಲ ಬಾಗಿಲು ತೆರೆದೇ ಇದೆ.

2003ರಲ್ಲಿ ಸರ್ಕಾರಿ ಗೆಜೆಟ್ಟು, 'ಇ-ಮೇಲ್' ಬೇಡ, 'ಕೂರಿಯೆಲ್' ಎನ್ನಿ ಎಂದು ಸಾರಿತು. ಸರಿ. ಈಗ ಯಾವುದೇ ಫ್ರೆಂಚ್ ಕಚೇರಿಯ ಕೂರಿಯೆಲ್ ತೆರೆಯಿರಿ. ಕೊನೆಯಲ್ಲಿ 'ಝ ರೆವಿಯಾಂ ವೆರ್ ವೂ' ಎಂದಿರುತ್ತದೆ. 'ನಿಮ್ಮ ಕಡೆಗೆ ಮರಳಿ ಬರುತ್ತೇನೆ.' ಯಾರೂ ಎಲ್ಲಿಗೂ ಬರುವುದಿಲ್ಲ. ಮಹಾಶಯರು ಕುರ್ಚಿ ಬಿಟ್ಟು ಏಳುವುದೂ ಇಲ್ಲ. ಅದು ಇಂಗ್ಲಿಷಿನ 'ಗೆಟ್ ಬ್ಯಾಕ್ ಟು ಯು' ಅಷ್ಟೇ. 'ಉತ್ತರ ಕೊಡುತ್ತೇನೆ' ಎನ್ನಲು ಫ್ರೆಂಚಿನಲ್ಲಿ ಮಾತಿರಲಿಲ್ಲವೇ? ಇತ್ತು. ಆದರೆ ಹಾಗೆಂದರೆ ಉತ್ತರ ಕೊಡಬೇಕಾಗುತ್ತದೆ.

'ಗೆಟ್ ಬ್ಯಾಕ್'ನಂಥ ಇಂಗ್ಲಿಷಿನ ಜೋಡಿ ಕ್ರಿಯಾಪದಗಳನ್ನು ಫ್ರೆಂಚಿಗೆ ತರಲು ವಾಕ್ಯವನ್ನೇ ಕಳಚಿ ಮತ್ತೆ ಕಟ್ಟಬೇಕು. 1909ರಲ್ಲಿ ಫ್ರೆಂಚ್ ವೈಮಾನಿಕ ಬ್ಲೇರಿಯೊ ಇಂಗ್ಲಿಷ್ ಕಾಲುವೆಯನ್ನು ವಿಮಾನದಲ್ಲಿ ದಾಟಿದ. ಇಂಗ್ಲಿಷಿನಲ್ಲಿ 'ಫ್ಲ್ಯೂ ಅಕ್ರಾಸ್': ಕ್ರಿಯಾಪದಕ್ಕೆ ಹಾರಾಟ, ಬಾಲಕ್ಕೆ ದಾರಿ. ಫ್ರೆಂಚಿನಲ್ಲಿ ಮುಖ್ಯ ಕ್ರಿಯೆಯೇ ದಾಟುವುದು, ವಿಮಾನ ಆಮೇಲೆ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಳೆಯನ್ನು ನಾವೂ ಈಜಿ ದಾಟುತ್ತೇವೆ.

ನುಡಿಗಟ್ಟುಗಳಲ್ಲೂ ಫ್ರೆಂಚರಿಗೆ ಈ ಕಸುಬು ಚೆನ್ನಾಗಿಯೇ ಗೊತ್ತಿತ್ತು. ಇಂಗ್ಲಿಷರ ಮಳೆಯಲ್ಲಿ ನಾಯಿ ಬೆಕ್ಕು ಬಿದ್ದರೆ ಫ್ರೆಂಚರ ಮಳೆಯಲ್ಲಿ ಹಗ್ಗ ಇಳಿಯುತ್ತಿತ್ತು. ಇಂಗ್ಲಿಷರ ಹಂದಿ ಹಾರುವ ದಿನ ಫ್ರೆಂಚರ ಕೋಳಿಗೆ ಹಲ್ಲು ಬರುತ್ತಿತ್ತು. ಯಾವ ಕಾನೂನೂ ಇರಲಿಲ್ಲ. ಕೋಳಿಗೆ ಹಲ್ಲು ಕಟ್ಟಿದ್ದು ಅಕಾದೆಮಿಯಲ್ಲ, ಜನ.

ಇನ್ನು ಕೆನಡಾದ ಕ್ವಿಬೆಕ್. ಪ್ಯಾರಿಸ್ಸಿನವರಿಗೆ ಅಲ್ಲಿಯ ಫ್ರೆಂಚ್ ಎಂದರೆ ನಗು. 'ತೊಂಬೆ ಆನ್ ಅಮೂರ್', ಪ್ರೀತಿಯಲ್ಲಿ ಬೀಳುವುದು! ಇಂಗ್ಲಿಷಿನ ನೇರ ನಕಲಂತೆ! ಹೀಗೆ ನಗುವವರು 'ವೀಕೆಂಡ್'ನಲ್ಲಿ 'ಶಾಪಿಂಗ್' ಹೊರಟು 'ಪಾರ್ಕಿಂಗ್' ಹುಡುಕುತ್ತಾರೆ. ಮೂರಕ್ಕೂ ಕ್ವಿಬೆಕ್ಕಿನವರ ಬಳಿ ಫ್ರೆಂಚ್ ಮಾತಿದೆ. ಫ್ರಾನ್ಸಿನ ರಸ್ತೆ ಫಲಕದ ಮೇಲೆ 'ಸ್ಟಾಪ್' ಎಂದಿದೆ. ಕ್ವಿಬೆಕ್ಕಿನ ಫಲಕದ ಮೇಲೆ ಫ್ರೆಂಚ್ ಇದೆ. ಕೆಎಫ್‌ಸಿ ಪ್ಯಾರಿಸ್ಸಿನಲ್ಲಿ ಕೆಎಫ್‌ಸಿಯೇ, ಮಾಂಟ್ರಿಯಲ್‌ನಲ್ಲಿ ಪಿಎಫ್‌ಕೆ. ಕೋಳಿಯೂ ಅಲ್ಲಿ ಫ್ರೆಂಚಿನಲ್ಲೇ ಹುರಿದುಕೊಳ್ಳಬೇಕು.

ಹಾಗೆಂದು ಕ್ವಿಬೆಕ್ಕಿಗೆ ಆರತಿ ಎತ್ತಬೇಡಿ. 2013ರಲ್ಲಿ ಅಲ್ಲಿನ ಭಾಷಾ ಕಚೇರಿ ಇಟಾಲಿಯನ್ ಹೋಟೆಲಿನ ಮೆನುವಿನಲ್ಲಿ 'ಪಾಸ್ತಾ' ಎಂದಿದ್ದಕ್ಕೆ ತಕರಾರು ತೆಗೆಯಿತು. ಜಗತ್ತೇ ನಕ್ಕಿತು. ಕಚೇರಿಯ ಮುಖ್ಯಸ್ಥರು ಕುರ್ಚಿ ಬಿಟ್ಟರು. ಅದೇ ಪ್ರಾಂತ್ಯದ ಜನ ಸಂಜೆ 'ಟೇಕ್ ಎ ವಾಕ್' ಎನ್ನುವುದನ್ನು ಪದಕ್ಕೆ ಪದವಿಟ್ಟು ಫ್ರೆಂಚಿನಲ್ಲಿ ಹೇಳಿ ವಾಯುವಿಹಾರಕ್ಕೆ ಹೊರಡುತ್ತಾರೆ. 'ವಾಕ್'ಗೆ ಇಟ್ಟ ಆ ಫ್ರೆಂಚ್ ಪದಕ್ಕೆ ಮೆಟ್ಟಿಲು ಎಂಬ ಅರ್ಥವೂ ಇದೆ; ಪ್ಯಾರಿಸ್ಸಿನವನ ಕಿವಿಗೆ ಅದು ಮೆಟ್ಟಿಲು ಹೊತ್ತು ಹೊರಟಂತೆ ಕೇಳುತ್ತದೆ. ಪಾಸ್ತಾಕ್ಕೆ ನೋಟಿಸು. ಮೆಟ್ಟಿಲಿಗೆ ಮಾಫಿ.

ವಿನೇ ಮತ್ತು ದಾರ್ಬೆಲ್ನೆ ಎಂಬ ಇಬ್ಬರು ವಿದ್ವಾಂಸರು ಪದಕ್ಕೆ ಪದವಿಡುವ ಈ ಚಾಳಿಯನ್ನು 1958ರಲ್ಲೇ ಬರೆದಿಟ್ಟರು. ಅವರ ಪುಸ್ತಕ ಶುರುವಾಗುವುದೇ ನ್ಯೂಯಾರ್ಕಿನಿಂದ ಮಾಂಟ್ರಿಯಲ್‌ಗೆ ಹೋಗುವ ಹೆದ್ದಾರಿಯಲ್ಲಿ. ಇಂಗ್ಲಿಷ್ ಫಲಕದ 'ಸ್ಲೋ' ಗಡಿ ದಾಟಿದ ಮೇಲೆ 'ಲಾಂತ್‌ಮಾಂ' ಆಗಿತ್ತು, ಅಂದರೆ 'ನಿಧಾನವಾಗಿ'. ಪದ ಫ್ರೆಂಚಿನದು, ಯೋಚನೆ ಇಂಗ್ಲಿಷಿನದು. ಫ್ರೆಂಚ್ ಚಾಲಕನಿಗೆ ಅದನ್ನು 'ರಾಲಾಂತೀರ್' ಎನ್ನಬೇಕು, 'ವೇಗ ತಗ್ಗಿಸಿ' ಎಂದು. ಪುಸ್ತಕ ಅನುವಾದ ತರಗತಿಗಳ ಪಠ್ಯವಾಯಿತು. ಪಠ್ಯವಾದದ್ದನ್ನು ಅಧಿಕಾರಿಗಳು ಯಾಕೆ ಓದುತ್ತಾರೆ?

ನಾವು ನಗುವ ಮೊದಲು ನಮ್ಮ ಪತ್ರಿಕೆ ತೆರೆಯೋಣ. ತಜ್ಞರೊಬ್ಬರು ದಿನವೂ ಯಾವುದೋ ವಿಷಯದ ಮೇಲೆ 'ಬೆಳಕು ಚೆಲ್ಲುತ್ತಿರುತ್ತಾರೆ'. ಇಂಗ್ಲಿಷಿನ 'ಥ್ರೋ ಲೈಟ್' ಅಷ್ಟೇ. ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೋ!

ಪದಕ್ಕೆ ಪದ ಇಡಲು ಸಮಿತಿ ಸಾಕು, ಗೆಜೆಟ್ಟು ಸಾಕು. ವಾಕ್ಯವನ್ನು ಕಳಚಿ ಕಟ್ಟಲು ಎರಡೂ ಭಾಷೆ ಬಲ್ಲ ಒಬ್ಬ ಅನುವಾದಕ ಬೇಕು, ಅವನಿಗೆ ಸಮಯ ಬೇಕು, ತಕ್ಕ ಕೂಲಿ ಬೇಕು. ಭಾಷೆಯ ಹೆಸರಿನಲ್ಲಿ ದಂಡ ವಸೂಲಿ ಮಾಡುವವರ ಮುಂದೆ ಆ ಕೂಲಿಯ ಮಾತೆತ್ತಿದರೆ ಅವರು ಹೇಳುವುದು ಒಂದೇ: ನೋಡೋಣ, ನಿಮ್ಮ ಕಡೆಗೆ ಮರಳಿ ಬರುತ್ತೇವೆ.